ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ ಹಿರಿಯರ ಪಾಸ್: ಯಾರಿಗೆ ಸಿಗುತ್ತದೆ, ಕಳೆದರೆ ಏನು ಗತಿ?

ಊರಿನಿಂದ ಅಪ್ಪ ಅಮ್ಮ ಬಂದರೆಂದರೆ ಗ್ರ್ಯಾಂಡ್ ಕ್ಯಾನ್ಯನ್, ಯೊಸೆಮಿಟಿ, ಯೆಲ್ಲೋಸ್ಟೋನ್‌ಗಳಲ್ಲಿ ಒಂದನ್ನಾದರೂ ತೋರಿಸಿಯೇ ಕಳಿಸಬೇಕು ಎಂಬುದು ಅಮೆರಿಕದ ಕನ್ನಡ ಮನೆಗಳಲ್ಲಿ ಹೇಳದೆಯೇ ನಡೆದು ಬಂದ ಪದ್ಧತಿ. ಈ ಉದ್ಯಾನಗಳ ಗೇಟಿನಲ್ಲಿ ಒಂದು ಕಾರಿಗೆ 35 ಡಾಲರ್ ಕೊಟ್ಟರೆ ಏಳು ದಿನ ಓಡಾಡಬಹುದಿತ್ತು. ಕಾರಿನೊಳಗೆ ಕೂತವರು ಯಾವ ದೇಶದವರು ಎಂದು ಯಾರೂ ವಿಚಾರಿಸುತ್ತಿರಲಿಲ್ಲ.

2026ರ ಜನವರಿ 1ರಿಂದ ಲೆಕ್ಕ ಬದಲಾಗಿದೆ. ಅಮೆರಿಕದ ನಿವಾಸಿಗಳಲ್ಲದವರು ವಾರ್ಷಿಕ ಪಾಸ್ ಇಲ್ಲದೆ ಬಂದರೆ 11 ಜನಪ್ರಿಯ ಉದ್ಯಾನಗಳಲ್ಲಿ ಮಾಮೂಲಿ ಶುಲ್ಕದ ಮೇಲೆ ತಲೆಗೆ 100 ಡಾಲರ್ ಹೆಚ್ಚಿಗೆ ಕೊಡಬೇಕು. 16 ವರ್ಷ ತುಂಬದ ಮಕ್ಕಳಿಗೆ ಇದಿಲ್ಲ. ವಾರ್ಷಿಕ ಪಾಸಿನ ದರವೂ ಎರಡಾಗಿದೆ: ನಿವಾಸಿಗಳಿಗೆ 80 ಡಾಲರ್, ಹೊರಗಿನವರಿಗೆ 250. ಆ 11ರ ಪಟ್ಟಿಯಲ್ಲಿ ಮೇಲೆ ಹೇಳಿದ ಮೂರೂ ಇವೆ. ಜೊತೆಗೆ ಜಯಾನ್, ಬ್ರೈಸ್ ಕ್ಯಾನ್ಯನ್, ಗ್ಲೇಸಿಯರ್, ಗ್ರ್ಯಾಂಡ್ ಟೀಟನ್, ರಾಕಿ ಮೌಂಟನ್, ಅಕೇಡಿಯಾ, ಎವರ್‌ಗ್ಲೇಡ್ಸ್ ಮತ್ತು ಸಿಕೋಯಾ–ಕಿಂಗ್ಸ್ ಕ್ಯಾನ್ಯನ್. ನಮ್ಮವರು ಹೋಗುವ ಜಾಗಗಳೆಲ್ಲ ಹೆಚ್ಚುಕಡಿಮೆ ಅದರೊಳಗೇ ಬಂದವು.

ದುಡ್ಡಿನ ಮಾತು ಬಂದಾಗ "ಅಪ್ಪನಿಗೆ 68 ಆಯ್ತಲ್ಲ, ಸೀನಿಯರ್ ಪಾಸ್ ಮಾಡಿಸಿದರಾಯಿತು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಪ್ಪನ ಬಳಿ ಗ್ರೀನ್ ಕಾರ್ಡ್ ಅಥವಾ ಅಮೆರಿಕದ ಪೌರತ್ವ ಇದ್ದರೆ ಆ ಮಾತು ಸರಿ, ಅದಕ್ಕಿಂತ ಲಾಭದ ವ್ಯವಹಾರ ಇನ್ನೊಂದಿಲ್ಲ. ಅವರು ಬಂದಿರುವುದು ವಿಸಿಟರ್ ವೀಸಾದಲ್ಲಾದರೆ ವಯಸ್ಸು 68 ಇರಲಿ, 88 ಇರಲಿ, ಈ ಪಾಸ್ ಅವರಿಗೆ ಸಿಗುವುದಿಲ್ಲ.

ಈ ಪಾಸ್ ಏನು?

ಅಮೆರಿಕದ ಕೇಂದ್ರ ಸರ್ಕಾರದ ಕೈಯಲ್ಲಿರುವ ಉದ್ಯಾನ, ಕಾಡು, ಜಲಾಶಯ, ವನ್ಯಧಾಮಗಳನ್ನು ಒಂದೇ ಇಲಾಖೆ ನೋಡಿಕೊಳ್ಳುವುದಿಲ್ಲ. ನ್ಯಾಷನಲ್ ಪಾರ್ಕ್ ಸರ್ವಿಸ್, ಫಾರೆಸ್ಟ್ ಸರ್ವಿಸ್, ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್, ಬ್ಯೂರೋ ಆಫ್ ರೆಕ್ಲಮೇಷನ್, ಸೇನೆಯ ಎಂಜಿನಿಯರ್‌ಗಳ ದಳ ಹೀಗೆ ಆರು ಸಂಸ್ಥೆಗಳು ಹಂಚಿಕೊಂಡಿವೆ. ಇವುಗಳಿಗೆ ಸೇರಿದ 2,000ಕ್ಕೂ ಹೆಚ್ಚು ತಾಣಗಳಲ್ಲಿ ನಡೆಯುವ ಒಂದೇ ಪಾಸ್ ಸರಣಿಗೆ 'ಅಮೆರಿಕ ದ ಬ್ಯೂಟಿಫುಲ್' ಎಂದು ಹೆಸರು. 2007ರಲ್ಲಿ ಶುರುವಾದ ಈ ಸರಣಿಯಲ್ಲಿ ಸಾಮಾನ್ಯ ವಾರ್ಷಿಕ ಪಾಸ್, ಸೇನೆಯವರ ಪಾಸ್, ಶಾಶ್ವತ ಅಂಗವೈಕಲ್ಯ ಇರುವವರ ಆಕ್ಸೆಸ್ ಪಾಸ್ ಇವೆ. ಹಿರಿಯರಿಗೆ ಸೀನಿಯರ್ ಪಾಸ್.

ಪಾಸ್ ತುಂಬಿಕೊಡುವುದು ಮುಖ್ಯವಾಗಿ ಪ್ರವೇಶ ಶುಲ್ಕವನ್ನು. ಕಾರಿನ ಲೆಕ್ಕದಲ್ಲಿ ಶುಲ್ಕ ವಸೂಲಿ ಮಾಡುವ ಕಡೆ ಪಾಸ್ ಇರುವವರೂ ಅದೇ ಖಾಸಗಿ ವಾಹನದಲ್ಲಿ ಕೂತವರೂ ಒಳಗೆ ಹೋಗಬಹುದು. ತಲೆಯ ಲೆಕ್ಕದಲ್ಲಿ ವಸೂಲಿ ಮಾಡುವ ಕಡೆ ಪಾಸ್ ಇರುವವರ ಜೊತೆಗೆ ಇನ್ನು ಮೂವರು ವಯಸ್ಕರು. ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಮ್ಯೂರ್ ವುಡ್ಸ್ ಎರಡನೆಯ ಬಗೆಯದು. ಅಲ್ಲಿ ಒಬ್ಬರಿಗೆ 15 ಡಾಲರ್. ಅಜ್ಜಿಯ ಹೆಸರಿನ ಒಂದು ಪಾಸ್ ಇದ್ದರೆ ಅಜ್ಜ, ಮಗಳು, ಅಳಿಯ ಸೇರಿ ನಾಲ್ವರ 60 ಡಾಲರ್ ಉಳಿಯಿತು. ಬಾಡಿಗೆ ಕಾರು ಖಾಸಗಿ ವಾಹನವೇ. ಟೂರ್ ಕಂಪನಿಯ ಬಸ್ಸು ಅಲ್ಲ.

ಸೀನಿಯರ್ ಪಾಸಿಗೆ ಇನ್ನೊಂದು ಸೌಲಭ್ಯವೂ ಉಂಟು. ಹಲವು ತಾಣಗಳಲ್ಲಿ ಕ್ಯಾಂಪಿಂಗ್, ದೋಣಿ ಇಳಿಸುವ ಜಾಗ, ಕೆಲವು ಮಾರ್ಗದರ್ಶಿತ ಪ್ರವಾಸಗಳ ಶುಲ್ಕದಲ್ಲಿ ಅರ್ಧ ರಿಯಾಯಿತಿ ಸಿಗುತ್ತದೆ. ಸಾಮಾನ್ಯ ವಾರ್ಷಿಕ ಪಾಸಿಗೆ ಇದಿಲ್ಲ.

ವಯಸ್ಸೊಂದೇ ಸಾಲದು

ನಮ್ಮ ಕಡೆ 60 ದಾಟಿದವರು ಗುರುತಿನ ಚೀಟಿ ತೋರಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಶೇ. 25 ರಿಯಾಯಿತಿ ಪಡೆದು ರೂಢಿ. ಅದೇ ಲೆಕ್ಕದಲ್ಲಿ ಅಮೆರಿಕದ ಗೇಟಿನಲ್ಲೂ ಹುಟ್ಟಿದ ದಿನಾಂಕ ತೋರಿಸಿದರೆ ಸಾಕು ಅಂದುಕೊಳ್ಳುವವರೇ ಹೆಚ್ಚು. ಇಲ್ಲಿ ಎರಡು ಷರತ್ತುಗಳಿವೆ. 62 ವರ್ಷ ತುಂಬಿರಬೇಕು. ಜೊತೆಗೆ ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಪಡೆದ ಕಾಯಂ ನಿವಾಸಿಯಾಗಿರಬೇಕು.

ಎರಡನೆಯ ಷರತ್ತಿನಲ್ಲೇ ಜನ ಎಡವುವುದು. ಅಮೆರಿಕದಲ್ಲಿ ಮನೆ ಕೊಂಡಿದ್ದೇವೆ, ತೆರಿಗೆ ಕಟ್ಟುತ್ತೇವೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಉದ್ಯೋಗದ ವೀಸಾದಲ್ಲಿದ್ದು ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಪಡೆದವರೂ 62 ದಾಟಿದ್ದರೂ ಅರ್ಹರಲ್ಲ. ಲೈಸೆನ್ಸ್ ಎಂಬುದು ಗೇಟಿನಲ್ಲಿ ಒಪ್ಪುವ ದಾಖಲೆಗಳಲ್ಲಿ ಒಂದು, ಹೌದು. ಆದರೆ ಅದು ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಮೂವತ್ತು ವರ್ಷ ನ್ಯೂ ಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ದುಡಿದು, ಪೌರತ್ವ ಪಡೆದು, ನಿವೃತ್ತಿಯಾದ ಮೇಲೆ ಮೈಸೂರಿಗೆ ಬಂದು ನೆಲೆಸಿದವರು ಸಾಕಷ್ಟು ಮಂದಿ ಇದ್ದಾರೆ. ಅವರು ಈಗಲೂ ಅಮೆರಿಕದ ಪ್ರಜೆಗಳೇ. ಮೊಮ್ಮಕ್ಕಳನ್ನು ನೋಡಲು ಹೋದಾಗ ಅಮೆರಿಕದ ಪಾಸ್‌ಪೋರ್ಟ್ ತೋರಿಸಿ ಸೀನಿಯರ್ ಪಾಸ್ ಕೊಳ್ಳಬಹುದು.

ಗ್ರೀನ್ ಕಾರ್ಡ್ ಇರುವ ತಂದೆ ತಾಯಿಯರಿಗೆ ಕೆಲಸ ಇನ್ನೂ ಸುಲಭ. ಆ ಒಂದೇ ಕಾರ್ಡಿನಲ್ಲಿ ಫೋಟೊ, ಹುಟ್ಟಿದ ದಿನಾಂಕ, ಕಾಯಂ ನಿವಾಸಿ ಎಂಬುದಕ್ಕೆ ಆಧಾರ ಮೂರೂ ಇರುತ್ತವೆ. "ಕಳೆದುಹೋದೀತು" ಎಂದು ಅದನ್ನು ಮನೆಯ ಬೀರುವಿನಲ್ಲಿಟ್ಟು ಹೊರಡುವ ಅಭ್ಯಾಸ ಹಲವರಿಗಿದೆ. 18 ದಾಟಿದ ಕಾಯಂ ನಿವಾಸಿಗಳು ಗ್ರೀನ್ ಕಾರ್ಡನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ, ಹಾಗಾಗಿ ಪಾಸಿನ ಮಾತು ಬಿಟ್ಟರೂ ಅದು ಜೇಬಿನಲ್ಲೇ ಇರಬೇಕಾದ್ದು.

ಮಂಡಿನೋವು, ದೃಷ್ಟಿದೋಷ ಇತ್ಯಾದಿ ಇರುವ ಹಿರಿಯರ ಮನೆಯವರು ಒಂದು ವಿಷಯ ಗಮನಿಸಬೇಕು. ದಿನನಿತ್ಯದ ಕೆಲಸಗಳಿಗೆ ತೀವ್ರ ಅಡ್ಡಿಯಾಗುವಂಥ ಶಾಶ್ವತ ಅಂಗವೈಕಲ್ಯ ಇರುವ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಆಕ್ಸೆಸ್ ಪಾಸ್ ಜೀವಮಾನಕ್ಕೆ ಉಚಿತ. ವೈದ್ಯರ ಪತ್ರವೋ ಸರ್ಕಾರಿ ದಾಖಲೆಯೋ ಬೇಕಾಗುತ್ತದೆ. ಬರಿಯ ವಯಸ್ಸಿನ ಆಯಾಸಕ್ಕೆ ಅದು ಸಿಗುವುದಿಲ್ಲ. ಆದರೆ ನಿಜಕ್ಕೂ ಅರ್ಹರಾದವರು ಸೀನಿಯರ್ ಪಾಸಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

20 ಡಾಲರಿನದೋ, 80 ಡಾಲರಿನದೋ?

ಸೀನಿಯರ್ ಪಾಸಿನಲ್ಲಿ ಎರಡು ಬಗೆ: ಒಂದು ವರ್ಷದ್ದು 20 ಡಾಲರ್, ಜೀವಮಾನದ್ದು 80 ಡಾಲರ್.

ಜೀವಮಾನದ ಪಾಸ್ ಬಹುಕಾಲ ಬರೀ 10 ಡಾಲರ್ ಇತ್ತು. ನ್ಯಾಷನಲ್ ಪಾರ್ಕ್ ಸರ್ವಿಸ್‌ಗೆ ನೂರು ತುಂಬಿದ 2016ರ ಡಿಸೆಂಬರ್‌ನಲ್ಲಿ ಬಂದ ಕಾಯ್ದೆಯೊಂದು ಅದನ್ನು ಸಾಮಾನ್ಯ ವಾರ್ಷಿಕ ಪಾಸಿನ ದರಕ್ಕೆ ಸರಿಗಟ್ಟಿಸಿತು. 2017ರ ಆಗಸ್ಟ್ 28ರಿಂದ 10 ಹೋಗಿ 80 ಆಯಿತು. ಅದಕ್ಕೆ ಮುಂಚಿನ ವಾರಗಳಲ್ಲಿ ಹಳೆ ದರಕ್ಕೆ ಕೊಳ್ಳಲು ಹಿರಿಯರು ಮುಗಿಬಿದ್ದು, ಕೆಲವು ಉದ್ಯಾನಗಳಲ್ಲಿ ಕಾರ್ಡುಗಳೇ ಖಾಲಿಯಾಗಿ, ಆಮೇಲೆ ಬಂದು ಕಾರ್ಡ್ ಒಯ್ಯಿರಿ ಎಂದು ಚೀಟಿ ಬರೆದುಕೊಡಬೇಕಾಯಿತು. ಆಗ 10 ಡಾಲರಿಗೆ ಕೊಂಡವರ ಕಾರ್ಡ್ ಈಗಲೂ ನಡೆಯುತ್ತದೆ.

80 ಎಂದರೂ ದುಬಾರಿಯಲ್ಲ. ಲಾಸ್ ವೇಗಸ್‌ನಿಂದ ಹೊರಟು ಜಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರನ್ನೂ ಸುತ್ತಿ ಬಂದರೆ ಕಾರಿನ ಶುಲ್ಕವೇ ತಲಾ 35ರಂತೆ 105 ಡಾಲರ್. ಮೊದಲ ಪ್ರವಾಸದಲ್ಲೇ ಪಾಸಿನ ದುಡ್ಡು ಹುಟ್ಟಿತು. ಒಂದು ವರ್ಷದ ಪಾಸ್ ಅಂತೂ ಒಂದೇ ಉದ್ಯಾನದ ಗೇಟ್ ಶುಲ್ಕಕ್ಕಿಂತ ಅಗ್ಗ. ಅರ್ಹತೆ ಇದ್ದೂ ಗೇಟಿನಲ್ಲಿ 35 ಡಾಲರ್ ಕೊಡುವುದೆಂದರೆ 15 ಡಾಲರ್ ಸುಮ್ಮನೆ ಕೊಟ್ಟ ಹಾಗೆ.

ಒಂದು ವರ್ಷದ ಕಾರ್ಡ್ ಮುಂದಿನ ವರ್ಷ ಅದೇ ತಿಂಗಳ ಕೊನೆಯ ದಿನದವರೆಗೆ ನಡೆಯುತ್ತದೆ. ತಿಂಗಳ ಮೊದಲ ವಾರದಲ್ಲಿ ಕೊಂಡವರಿಗೆ ಮೂರು ವಾರ ಪುಕ್ಕಟೆ. ಅವಧಿ ಮುಗಿದ ಕಾರ್ಡನ್ನು ಕಸಕ್ಕೆ ಹಾಕಬೇಡಿ. ನಾಲ್ಕು ವಾರ್ಷಿಕ ಸೀನಿಯರ್ ಪಾಸ್‌ಗಳನ್ನು ಕೂಡಿಟ್ಟು ಪಾಸ್ ಕೊಡುವ ತಾಣಕ್ಕೆ ಒಯ್ದರೆ ಅವುಗಳಿಗೆ ಬದಲಾಗಿ ಜೀವಮಾನದ ಪಾಸ್ ಕೊಡುತ್ತಾರೆ, ಮತ್ತೆ ದುಡ್ಡು ಕೇಳುವುದಿಲ್ಲ. ಮಗನ ಮನೆಗೆ ಎರಡು ವರ್ಷಕ್ಕೊಮ್ಮೆ ಬಂದು ಹೋಗುವ, ಮುಂದೆ ಎಷ್ಟು ಸಲ ಬರುತ್ತೇವೋ ಎಂಬ ಅನುಮಾನ ಇರುವವರಿಗೆ 20ರದ್ದೇ ಸಾಕು ಎಂದು ನನಗೆ ತೋರುತ್ತದೆ.

ಎಲ್ಲಿ ಕೊಳ್ಳುವುದು?

ಮೂರು ದಾರಿಗಳಿವೆ. ಎಲ್ಲಕ್ಕಿಂತ ಸರಳವಾದದ್ದು ನೇರ ಗೇಟಿನಲ್ಲಿ. ದಾಖಲೆ ತೋರಿಸಿ, ದುಡ್ಡು ಕೊಟ್ಟು, ಅಲ್ಲೇ ಕಾರ್ಡ್ ತೆಗೆದುಕೊಂಡು ಅಲ್ಲಿಂದಲೇ ಬಳಸಲು ಶುರುಮಾಡಬಹುದು. ಮೇಲು ಖರ್ಚಿಲ್ಲ. ಎಲ್ಲ ತಾಣಗಳಲ್ಲೂ ಪಾಸ್ ಮಾರುವುದಿಲ್ಲವಾದ್ದರಿಂದ ಚಿಕ್ಕ ಜಾಗಕ್ಕೆ ಹೊರಟಿದ್ದರೆ ಮೊದಲೇ ವಿಚಾರಿಸಿಕೊಳ್ಳಬೇಕು. ಹಲವು ಉದ್ಯಾನಗಳ ಗೇಟುಗಳಲ್ಲಿ ಈಗ ನಗದು ತೆಗೆದುಕೊಳ್ಳುವುದಿಲ್ಲ, ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡೇ ಬೇಕು.

ಎರಡನೆಯದು ಅಮೆರಿಕದ ಭೂವಿಜ್ಞಾನ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್, ನಡೆಸುವ ಆನ್‌ಲೈನ್ ಅಂಗಡಿ. ದಾಖಲೆಯ ಪ್ರತಿ ಕಳಿಸಬೇಕು, 10 ಡಾಲರ್ ಹೆಚ್ಚಿಗೆ ಕೊಡಬೇಕು, ಕಾರ್ಡ್ ಅಂಚೆಯಲ್ಲಿ ಬರುವವರೆಗೆ ಕಾಯಬೇಕು. ಮುಂದಿನ ವಾರವೇ ಹೊರಡುವವರಿಗೆ ಇದಲ್ಲ.

ಮೂರನೆಯದು 2026ರಲ್ಲಿ ಹೊಸದಾಗಿ ಬಂದದ್ದು: ರಿಕ್ರಿಯೇಷನ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದಲ್ಲಿ ಡಿಜಿಟಲ್ ಪಾಸ್. ಅದು ಫೋನಿನಲ್ಲೇ ಇರುತ್ತದೆ. ಇಲ್ಲೊಂದು ಕಿವಿಮಾತು. ಮಗನೋ ಸೊಸೆಯೋ ತಮ್ಮ ಹೆಸರಿನ ಖಾತೆಯಿಂದಲೇ ಅತ್ತೆಯ ಪಾಸನ್ನೂ ಕೊಂಡುಬಿಡುವುದುಂಟು. ಪಾಸ್ ಯಾರದೋ ಖಾತೆಯೂ ಅವರದೇ ಆಗಿದ್ದರೆ ಮುಂದೆ ರಗಳೆ ಕಡಿಮೆ. ಮನೆ ಬಿಡುವ ಮೊದಲೇ ಪಾಸನ್ನು ಫೋನಿಗೆ ಇಳಿಸಿಕೊಳ್ಳಿ. ಗೇಟಿನ ಹತ್ತಿರ ನೆಟ್‌ವರ್ಕ್ ಇರುತ್ತದೆಂಬ ಭರವಸೆ ಇಲ್ಲ. ಸರ್ಕಾರಿ ತಾಣಗಳ ವಿಳಾಸ 'ಡಾಟ್ ಗವ್' ಎಂದು ಮುಗಿಯುತ್ತದೆ. ಹಾಗೆ ಮುಗಿಯದ ಕಡೆ ಗ್ರೀನ್ ಕಾರ್ಡಿನ ಫೋಟೊ ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಗೇಟಿನಲ್ಲಿ

ಸಾಲಿನಲ್ಲಿ ಕಾರು ಮುಂದಕ್ಕೆ ಸರಿಯುತ್ತದೆ, ಗೂಡಿನಿಂದ ರೇಂಜರ್ ಬಗ್ಗಿ ಪಾಸ್ ಮತ್ತು ಫೋಟೊ ಇರುವ ಗುರುತಿನ ಚೀಟಿ ಎರಡನ್ನೂ ಕೇಳುತ್ತಾರೆ. ಹಿಂದಿನ ಸೀಟಿನಲ್ಲಿ ಅಮ್ಮ ಕೈಚೀಲದೊಳಗೆ ಹುಡುಕಲು ಶುರುಮಾಡುವುದು ಆಗಲೇ. ಎರಡನ್ನೂ ಸಾಲಿಗೆ ಸೇರುವಾಗಲೇ ತೆಗೆದಿಟ್ಟುಕೊಂಡರೆ ಹಿಂದಿನ ಕಾರಿನವರ ಶಾಪ ತಪ್ಪುತ್ತದೆ.

ಕಾರ್ಡಿನ ಮೇಲೆ ಸಹಿ ಇರಬೇಕು, ಸಹಿ ಹಾಕಿದವರು ಕಾರಿನೊಳಗೆ ಇರಬೇಕು. ಅಪ್ಪನನ್ನು ಹೋಟೆಲಿನಲ್ಲಿ ಮಲಗಿಸಿ ಅವರ ಪಾಸ್ ಹಿಡಿದು ಮಕ್ಕಳು ಹೋಗುವಂತಿಲ್ಲ. ಗಂಡ ಹೆಂಡತಿಗೂ ಇದೇ ನಿಯಮ: ಸೀನಿಯರ್ ಪಾಸಿಗೆ ಒಡೆಯರು ಒಬ್ಬರೇ. ಯಾವಾಗಲೂ ಜೊತೆಯಾಗಿಯೇ ಓಡಾಡುವ ದಂಪತಿಗೆ ಒಂದೇ ಪಾಸ್ ಸಾಕು, ಇಬ್ಬರಿಗೂ ಬೇರೆ ಬೇರೆ ಕೊಳ್ಳುವುದು ದಂಡ. ಕನ್ನಡದಲ್ಲಿ ಸಹಿ ಮಾಡುವವರು ಗುರುತಿನ ಚೀಟಿಯಲ್ಲಿ ಹೇಗೆ ಮಾಡಿದ್ದಾರೋ ಹಾಗೆಯೇ ಇಲ್ಲೂ ಮಾಡಿದರೆ ಹೋಲಿಸಿ ನೋಡುವವರಿಗೆ ಗೊಂದಲವಾಗದು.

ಗೇಟಿನಲ್ಲಿ ಯಾರೂ ಇಲ್ಲದ ತಾಣಗಳಲ್ಲಿ ಪಾಸನ್ನು ಕಾರಿನ ಮುಂಗಾಜಿನ ಒಳಗೆ ಕಾಣುವಂತೆ ಇಡಬೇಕಾಗುತ್ತದೆ. ಕನ್ನಡಿಗೆ ತೂಗುಹಾಕುವ ಹ್ಯಾಂಗ್‌ಟ್ಯಾಗ್ ಬರೀ ಕಾರ್ಡ್ ಇಡುವ ಹಿಡಿಕೆ, ಅದೇ ಪಾಸ್ ಅಲ್ಲ.

ವಿಸಿಟರ್ ವೀಸಾದ ನೆಂಟರನ್ನೂ ಅದೇ ಕಾರಿನಲ್ಲಿ ಕೂರಿಸಿಕೊಂಡು ಆ 11 ಉದ್ಯಾನಗಳಿಗೆ ಹೊರಟಿದ್ದರೆ ಆಯಾ ಉದ್ಯಾನದ ಶುಲ್ಕದ ಪುಟವನ್ನು ಹೊರಡುವ ದಿನ ಒಮ್ಮೆ ಓದಿಕೊಳ್ಳಿ. ನಿಯಮ ಹೊಸದು.

ಈ ಪಾಸ್ ನಡೆಯದ ಜಾಗಗಳು

ನಮ್ಮವರು ತಪ್ಪದೆ ಹೋಗುವ ಕೆಲವು ಜಾಗಗಳು ಕೇಂದ್ರ ಸರ್ಕಾರದವೇ ಅಲ್ಲ ಎಂಬುದು ಅಲ್ಲಿಗೆ ಹೋದ ಮೇಲೆಯೇ ಗೊತ್ತಾಗುವುದು. ನಯಾಗರಾ ಜಲಪಾತ ನ್ಯೂಯಾರ್ಕ್ ರಾಜ್ಯದ ಉದ್ಯಾನ. ಒಳಗೆ ಹೋಗಲು ಶುಲ್ಕವಿಲ್ಲ, ಪಾರ್ಕಿಂಗಿಗೆ ದುಡ್ಡು. ಅದನ್ನು ಈ ಪಾಸ್ ತುಂಬುವುದಿಲ್ಲ. ಫೋಟೊಗಳಲ್ಲಿ ಎಲ್ಲರೂ ನೋಡಿರುವ ಕೆಂಪು ಬಂಡೆಯ ಆಂಟಿಲೋಪ್ ಕ್ಯಾನ್ಯನ್, ಮಾನ್ಯುಮೆಂಟ್ ವ್ಯಾಲಿ ಎರಡೂ ನವಾಹೊ ಬುಡಕಟ್ಟಿನ ನೆಲ. ಗಾಜಿನ ಸೇತುವೆ ಇರುವ ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್ ಹುವಾಲಪೈ ಬುಡಕಟ್ಟಿಗೆ ಸೇರಿದ್ದು. ಹೆಸರಿನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಇದ್ದರೂ ರಾಷ್ಟ್ರೀಯ ಉದ್ಯಾನದ ಗೇಟ್ ಅದಲ್ಲ. ವೇಗಸ್‌ನಿಂದ ಒಂದು ದಿನದ ಪ್ರವಾಸಕ್ಕೆ ಹೊರಡುವವರು ಮೋಸ ಹೋದೆವೆಂದು ಗೊಣಗುವುದು ಇಲ್ಲೇ. ಹಾರ್ಸ್‌ಶೂ ಬೆಂಡ್‌ನ ಪಾರ್ಕಿಂಗ್ ಶುಲ್ಕ ಪೇಜ್ ಎಂಬ ಊರಿನ ಆಡಳಿತಕ್ಕೆ ಹೋಗುತ್ತದೆ, ಅಲ್ಲೂ ಪಾಸ್ ನಡೆಯದು.

ಕೇಂದ್ರ ಸರ್ಕಾರದ ತಾಣವೇ ಆದರೂ ಶುಲ್ಕದ ಹೆಸರು ಬೇರೆ ಇದ್ದರೆ ಕಥೆ ಬೇರೆ. ಲಿಬರ್ಟಿ ಪ್ರತಿಮೆಗೆ ಪ್ರವೇಶ ಶುಲ್ಕವಿಲ್ಲ. ನಾವು ಕೊಡುವುದು ಖಾಸಗಿ ದೋಣಿಯ ಟಿಕೆಟ್ಟಿಗೆ. ಮೌಂಟ್ ರಶ್ಮೋರ್‌ನಲ್ಲಿ ಪಾರ್ಕಿಂಗ್ ಮಾತ್ರ ದುಡ್ಡಿನದು. ಪಾಸ್ ಒಪ್ಪದಿದ್ದರೂ 62 ದಾಟಿದವರಿಗೆ 10 ಡಾಲರಿನ ಬದಲು 5 ಎಂಬ ಅಲ್ಲಿಯದೇ ರಿಯಾಯಿತಿ ಇದೆ. ಗ್ರೇಟ್ ಸ್ಮೋಕಿ ಮೌಂಟನ್ಸ್‌ಗೆ ಪ್ರವೇಶ ಉಚಿತ, ಆದರೆ 2023ರ ಮಾರ್ಚ್‌ನಿಂದ ಹದಿನೈದು ನಿಮಿಷಕ್ಕಿಂತ ಹೆಚ್ಚು ಕಾರು ನಿಲ್ಲಿಸಲು ಪಾರ್ಕಿಂಗ್ ಟ್ಯಾಗ್ ಕೊಳ್ಳಬೇಕು. ಸೀನಿಯರ್ ಪಾಸ್ ತೋರಿಸಿದರೆ ಅಲ್ಲಿ ಕ್ಯಾಂಪಿಂಗ್ ಅರ್ಧಕ್ಕೆ ಸಿಗುತ್ತದೆ, ಟ್ಯಾಗ್ ಸಿಗದು.

ಮುಂಗಡ ಕಾಯ್ದಿರಿಸುವಿಕೆಯೂ ಹಾಗೆಯೇ. ಹವಾಯಿಯ ಹಾಲೆಯಕಲಾದಲ್ಲಿ ಸೂರ್ಯೋದಯ ನೋಡಲು ಒಂದು ಕಾರಿಗೆ 1 ಡಾಲರ್ ಕೊಟ್ಟು ಜಾಗ ಕಾಯ್ದಿರಿಸಬೇಕು. ಮ್ಯೂರ್ ವುಡ್ಸ್‌ಗೆ ಪಾರ್ಕಿಂಗ್ ಅಥವಾ ಷಟಲ್ ಬಸ್ಸನ್ನು ಮೊದಲೇ ಹಿಡಿದಿಡಬೇಕು. ಪಾಸ್ ಇದೆ ಎಂದು ಹೇಳಿದರೆ ಯಾರೂ ಬಿಡುವುದಿಲ್ಲ.

ಕಳೆದರೆ ಒಂದು, ಹಾಳಾದರೆ ಇನ್ನೊಂದು

"ಜೀವಮಾನದ ಪಾಸ್ ಅಲ್ಲವೇ, ಕಳೆದುಹೋದರೆ ಇನ್ನೊಂದು ಕೊಡುತ್ತಾರೆ" ಎಂಬ ಧೈರ್ಯ ಬೇಡ. ಕೊಡುವುದಿಲ್ಲ. ಕಾರ್ಡ್ ಕಳೆದರೆ ಅಥವಾ ಕಳುವಾದರೆ ಮತ್ತೆ 80 ಡಾಲರ್ ಕೊಟ್ಟು ಹೊಸದನ್ನೇ ಕೊಳ್ಳಬೇಕು. ಹಳೆಯ ರಸೀದಿ, ಕಾರ್ಡಿನ ಫೋಟೊ, ಕಾರ್ಡ್ ನಂಬರ್ ಯಾವುದನ್ನು ತೋರಿಸಿದರೂ ನಿಯಮ ಅಷ್ಟೇ.

ಪಾಸನ್ನು ಒಂದು ನೋಟಿನ ಹಾಗೆ ನೋಡಿದರೆ ಇದು ಅರ್ಥವಾಗುತ್ತದೆ. ಹರಿದ ನೋಟಿನಲ್ಲಿ ನಂಬರ್ ಇತ್ಯಾದಿ ಕಾಣುವಷ್ಟು ಭಾಗ ಉಳಿದಿದ್ದರೆ ಬ್ಯಾಂಕಿನವರು ಬದಲಿಸಿ ಕೊಡುತ್ತಾರೆ. ಕಳೆದ ನೋಟಿಗೆ ಯಾರೂ ಬದಲಿ ಕೊಡುವುದಿಲ್ಲ, ಅದು ನಮ್ಮದೇ ಎಂದು ಹತ್ತು ಸಾಕ್ಷಿ ಕರೆದುಕೊಂಡು ಹೋದರೂ. ಕೈಯಲ್ಲಿರುವ ಕಾರ್ಡೇ ಆಧಾರ ಎಂಬ ತಳಹದಿಯ ಮೇಲೆ ಈ ವ್ಯವಸ್ಥೆ ನಿಂತಿದೆ.

ಹಾಳಾದ ಕಾರ್ಡಿನ ವಿಷಯದಲ್ಲಿ ದಾರಿ ಇದೆ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟು ಸೊಟ್ಟಗಾದದ್ದು, ಅಕ್ಷರ ಅಳಿಸಿಹೋದದ್ದು, ಬಟ್ಟೆ ಒಗೆಯುವ ಮಷೀನಿನಲ್ಲಿ ಸುತ್ತಿ ಬಂದದ್ದು ಇವನ್ನೆಲ್ಲ ಪಾಸ್ ಕೊಡುವ ತಾಣಕ್ಕೆ ಒಯ್ದು, ಗುರುತಿನ ಚೀಟಿ ತೋರಿಸಿ ಬದಲಿಸಿಕೊಳ್ಳಬಹುದು. ಅದು ನಿಜವಾದ ಪಾಸ್, ನಿಮ್ಮದೇ ಪಾಸ್ ಎಂದು ಹೇಳಬಹುದಾದಷ್ಟು ಭಾಗ ಉಳಿದಿರಬೇಕು. ಆದ್ದರಿಂದ ಮುರಿದ ಕಾರ್ಡಿನ ಚೂರನ್ನು ಎಸೆಯಬೇಡಿ. ಎಸೆದ ಗಳಿಗೆಯಿಂದ ಅದು 'ಕಳೆದ' ಕಾರ್ಡಿನ ಲೆಕ್ಕಕ್ಕೆ ಹೋಗುತ್ತದೆ.

ಆಕ್ಸೆಸ್ ಪಾಸ್ ಕಳೆದವರಿಗೆ ಅಷ್ಟು ಚಿಂತೆ ಇಲ್ಲ. ಅದು ಮೊದಲೇ ಉಚಿತ, ದಾಖಲೆಗಳನ್ನು ಮತ್ತೆ ತೋರಿಸಿ ಹೊಸದು ಪಡೆಯಬಹುದು. ಡಿಜಿಟಲ್ ಪಾಸ್ ಕೊಂಡವರ ಪಾಸ್ ಅವರ ಖಾತೆಯಲ್ಲೇ ಇರುತ್ತದೆ, ಫೋನ್ ಕಳೆದರೂ ಬೇರೆ ಫೋನಿನಿಂದ ಅದೇ ಖಾತೆಗೆ ಹೋಗಿ ತೆರೆಯಬಹುದು. ವಸ್ತುಗಳನ್ನು ಎಲ್ಲಿಟ್ಟೆವೆಂದು ಮರೆಯುವ ವಯಸ್ಸಿನವರಿಗೆ ಡಿಜಿಟಲ್ ಪಾಸ್ ವಾಸಿ ಎನ್ನಲು ಇದೊಂದೇ ಕಾರಣ ಸಾಕು. ಆದರೆ ಪಾಸ್‌ವರ್ಡ್ ಮರೆತರೆ ಆ ಅನುಕೂಲ ಅಲ್ಲಿಗೇ ನಿಂತಿತು. ಮನೆಯ ಇನ್ನೊಬ್ಬರಿಗೂ ಅದು ಗೊತ್ತಿರಲಿ.

ಹಳೆಯ ಗೋಲ್ಡನ್ ಏಜ್ ಕಾರ್ಡ್ ಸಿಕ್ಕಿದರೆ

2007ಕ್ಕೆ ಮುಂಚೆ ಇದೇ ಸೌಲಭ್ಯ 'ಗೋಲ್ಡನ್ ಏಜ್ ಪಾಸ್‌ಪೋರ್ಟ್' ಎಂಬ ಹೆಸರಿನಲ್ಲಿತ್ತು. ಎಪ್ಪತ್ತು ಎಂಬತ್ತರ ದಶಕದಲ್ಲಿ ವಲಸೆ ಹೋದ ಕುಟುಂಬಗಳ ಹಿರಿಯರ ಹಳೆ ಪರ್ಸಿನಲ್ಲಿ ಅದು ಈಗಲೂ ಸಿಕ್ಕೀತು. ಪ್ಲಾಸ್ಟಿಕ್ಕಿನದಾದರೆ ಹಾಗೆಯೇ ನಡೆಯುತ್ತದೆ. ಕಾಗದದ್ದಾದರೆ ಅದನ್ನೂ ಗುರುತಿನ ಚೀಟಿಯನ್ನೂ ಪಾಸ್ ಕೊಡುವ ತಾಣಕ್ಕೆ ಒಯ್ದರೆ ಬದಲಿಗೆ ಹೊಸ ಸೀನಿಯರ್ ಪಾಸನ್ನು ದುಡ್ಡಿಲ್ಲದೆ ಕೊಡುತ್ತಾರೆ. ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು. ಅಜ್ಜನ ಕಾರ್ಡ್ ಮೊಮ್ಮಗನಿಗೆ ಆಸ್ತಿಯಾಗಿ ಬರುವುದಿಲ್ಲ.